ಕಾಯಿ ಹಣ್ಣಾಗುವ ಲೆಕ್ಕ

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹೊಲದ ಕೆಲಸ ತುಸು ನಿಲ್ಲುತ್ತದೆ. ಪಂಚಮಿಯ ಜೋಕಾಲಿ, ನಿಂಬೆಹಣ್ಣು ಎಸೆಯುವ ಪಂಥ, ಪಡಸಾಲೆಯಲ್ಲಿ ಕವಡಿ ಆಟ – ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಿರಿಯರಿಗೆ ಇವೆಲ್ಲ ಬಾಲ್ಯದ ನೆನಪುಗಳು. ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿದ ಇಪ್ಪತ್ತೈದು ಮನೆ, ನಾಲ್ಕು ಕವಡಿ, ಕಾಯಿಗಳ ಬದಲು ಹುಣಸೆ ಬೀಜ ಇಲ್ಲವೇ ಬಳೆಚೂರು. ಬಂಡವಾಳ ಸೊನ್ನೆ. ಆಟ ಮುಗಿದ ಮೇಲೆ ಕಸಬರಿಗೆಯಿಂದ ಗುಡಿಸಿದರೆ ಆಟವೂ ಇಲ್ಲ, ಅಂಕಣವೂ ಇಲ್ಲ.

ಅದೇ ಊರುಗಳ ಪೇಟೆಯಲ್ಲಿ ಇಂದು ಇನ್ನೊಂದು ನೋಟ. ಕಿರಿದಾದ ಮಳಿಗೆ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಪತ್ತಿನ ಸಹಕಾರಿ ಸಂಘದ ಖಾತೆ, ಅಡತಿ ಅಂಗಡಿಯ ಪಟ್ಟಿ, ಶಾಲೆಯ ಫೀ ಲೆಕ್ಕ, ಜಿಎಸ್‌ಟಿ ವಿವರ – ಸಣ್ಣ ಊರಿನಲ್ಲಿ ಸಾಫ್ಟ್‌ವೇರ್ ಉದ್ಯಮವೆಂದರೆ ಬಹುಮಟ್ಟಿಗೆ ಇದೇ. ಗಿರಾಕಿ ಫೋನ್ ಮಾಡಿದಾಗ ಎದ್ದು ಓಡಬೇಕು. ವರ್ಷದ ನಿರ್ವಹಣೆಯ ಹಣಕ್ಕೆ ಮೂರು ಸಲ ಅಲೆಯಬೇಕು.

ಪಡಸಾಲೆಯ ಕವಡಿಗೂ ಪೇಟೆಯ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಆಟ ಕಟ್ಟುವವನೂ ಪ್ರೋಗ್ರಾಂ ಬರೆಯುವವನೂ ಮಾಡುವುದು ಒಂದೇ ಕೆಲಸ: ನಿಯಮಗಳನ್ನು ಬರೆಯುವುದು. ಬರೆದವನು ಎದುರಿಗೆ ಇಲ್ಲದಾಗಲೂ ಆ ನಿಯಮಗಳು ನಡೆಯಬೇಕು.

ನಾಲ್ಕು ಕವಡಿಯ ಗಣಿತ

ಚೌಕಾಬಾರವನ್ನೇ ನೋಡಿ. ಕಟ್ಟೆಮನೆ, ಗಟ್ಟಾಮನೆ, ಚಕಾರ – ಊರಿಗೊಂದು ಹೆಸರು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ತನ್ನ ಕಟ್ಟೆಯಿಂದ ಹೊರಟ ಕಾಯಿ ನಡುಮನೆ ಸೇರಿ ‘ಹಣ್ಣಾಗಲು’ 24 ಹೆಜ್ಜೆ ನಡೆಯಬೇಕು. ನಾಲ್ಕು ಕವಡಿಯಲ್ಲಿ ಎಷ್ಟು ಅಂಗಾತ ಬಿದ್ದವೋ ಅಷ್ಟು ಹೆಜ್ಜೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು.

ಪ್ರತಿ ಕವಡಿಯೂ ಎರಡು ಕಡೆಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ, ಹದಿನಾರರಲ್ಲಿ ಆರು ಸಲ ಎರಡು ಬೀಳಬೇಕು. ಒಂದು ಮತ್ತು ಮೂರು ತಲಾ ನಾಲ್ಕು ಸಲ. ಚೌಕ ಮತ್ತು ಬಾರ ತಲಾ ಒಂದೇ ಸಲ. ಸರಾಸರಿ ಎರಡೂವರೆ ಹೆಜ್ಜೆ. ಒಬ್ಬರ ನಾಲ್ಕು ಕಾಯಿಗೆ ಒಟ್ಟು 96 ಹೆಜ್ಜೆಯಾದ್ದರಿಂದ, ಯಾರೂ ಕಾಯಿ ಕಡಿಯದಿದ್ದರೂ ಒಬ್ಬೊಬ್ಬರು ಸುಮಾರು 39 ಸಲ ಕವಡಿ ಎಸೆಯಬೇಕಾಗುತ್ತದೆ. ಆದರೆ ಕವಡಿ ನಾಣ್ಯವಲ್ಲ. ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದು ಜೊತೆ ಕವಡಿಯ ಗುಣ ಇನ್ನೊಂದಕ್ಕಿಲ್ಲ. ‘ಈ ಕವಡಿ ನನಗೆ ಕೂಡಿ ಬರೂದಿಲ್ಲ’ ಎಂದು ಅಜ್ಜಿಯಂದಿರು ಹೇಳುವ ಮಾತು ಪೂರ್ತಿ ಮೂಢನಂಬಿಕೆಯಲ್ಲ.

ಇಲ್ಲಿ ಕಂಪ್ಯೂಟರ್ ನೆರವಿಗೆ ಬರುತ್ತದೆ. ಕಾಯಿ ಕಡಿದರೆ ಎಷ್ಟು ಹಿಂದೆ ಬೀಳುತ್ತದೆ, ಮೊದಲು ಆಡಿದವನಿಗೆ ಲಾಭವೆಷ್ಟು ಎಂಬುದನ್ನು ಕೈಯಿಂದ ಲೆಕ್ಕ ಹಾಕುವುದು ಕಷ್ಟ. ಆದರೆ ಚಿಕ್ಕ ಪ್ರೋಗ್ರಾಂ ಒಂದು ಲಕ್ಷ ಆಟ ಆಡಿ ತೋರಿಸಬಲ್ಲದು. ಈ ಉಪಾಯ ಹುಟ್ಟಿದ್ದೇ ಆಟದಿಂದ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಂ ಒಬ್ಬನೇ ಇಸ್ಪೀಟು ಆಡುತ್ತ, ಗೆಲ್ಲುವ ಸಂಭವವನ್ನು ಸೂತ್ರದಿಂದ ಹುಡುಕುವ ಬದಲು ನೂರು ಸಲ ಆಡಿ ಎಣಿಸಿದರಾಗದೇ ಎಂದು ಯೋಚಿಸಿದ. ಅದೇ ಮುಂದೆ ‘ಮಾಂಟೆ ಕಾರ್ಲೊ’ ವಿಧಾನವಾಯಿತು.

ಗುಡಿಯ ಕಟ್ಟೆಗಳ ಮೇಲೆ ಆಡುವ ಹುಲಿ–ಕುರಿ ಆಟದಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಮೂರು ಹುಲಿ, ಹದಿನೈದು ಕುರಿ. ಬಲದಲ್ಲಿ ಅಸಮ, ಅವಕಾಶದಲ್ಲಿ ಸಮ. ಇದರ ನೇಪಾಳಿ ಸೋದರ ‘ಬಾಘ್ ಚಾಲ್’ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ತೋರಿಸಿದರು. ಹೆಸರಿಲ್ಲದ ಯಾರೋ ಕಟ್ಟಿದ ಆಟ ಅಷ್ಟು ಸಮತೂಕದ್ದಾಗಿತ್ತು.

ಹಗಲೊಂದು, ರಾತ್ರಿಯೊಂದು

ಹೊಟ್ಟೆಪಾಡಿಗೆ ಒಂದು ಉದ್ಯೋಗ, ಮನಸ್ಸಿಗೆ ಆಟ – ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟು ದಡ ಸೇರಿದವರಲ್ಲಿ ಜರ್ಮನಿಯ ಕ್ಲಾಸ್ ಟಾಯ್ಬರ್ ಹೆಸರು ದೊಡ್ಡದು. ಆತ ಕೃತಕ ಹಲ್ಲು ಮಾಡುವ ಪ್ರಯೋಗಾಲಯ ನಡೆಸುತ್ತಿದ್ದ. ಸಂಜೆ ಮನೆಯ ನೆಲಮಾಳಿಗೆಯಲ್ಲಿ ಆಟ ಕಟ್ಟಿ, ಹೆಂಡತಿ ಮಕ್ಕಳೊಂದಿಗೆ ಆಡಿ, ತಿದ್ದುತ್ತಿದ್ದ. 1988ರಲ್ಲೇ ಆ ದೇಶದ ‘ವರ್ಷದ ಆಟ’ ಪ್ರಶಸ್ತಿ ಬಂದಿತ್ತು. 1995ರಲ್ಲಿ ಬಂದ ‘ಕಟಾನ್’ ಜಗತ್ತಿನಲ್ಲೆಲ್ಲ ಹರಡಿತು. ಆದರೂ ಆತ ಕೂಡಲೇ ಹಲ್ಲಿನ ಕೆಲಸ ಬಿಡಲಿಲ್ಲ. ಇನ್ನೂ ಕೆಲವು ವರ್ಷ ಎರಡನ್ನೂ ನಡೆಸಿ ಆಮೇಲೆ ಪೂರ್ಣಾವಧಿ ಆಟಗಾರಿಕೆಗೆ ಬಂದ. 2023ರಲ್ಲಿ ತೀರಿಕೊಂಡ. ಪ್ರಶಸ್ತಿ ಬಂದ ಮಾತ್ರಕ್ಕೆ ಅಂಗಡಿ ಮುಚ್ಚಬಾರದೆಂಬ ವ್ಯವಹಾರಜ್ಞಾನ ಇಲ್ಲಿ ಕಲಿಯತಕ್ಕದ್ದು.

ಕರ್ನಾಟಕದಲ್ಲಿ ಆಟಗಳನ್ನು ರಚಿಸಿದ ಅತಿ ಪ್ರಸಿದ್ಧ ವ್ಯಕ್ತಿ ಒಬ್ಬ ಅರಸ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ 1831ರಲ್ಲೇ ಬ್ರಿಟಿಷರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಅಧಿಕಾರವಿಲ್ಲದ ಅರಸರು ವಿದ್ಯೆ, ಕಲೆ, ಆಟಗಳಿಗೆ ಮನಸ್ಸು ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ, ನೂರಾರು ಎಲೆಗಳ ಗಂಜೀಫಾ ಆಟಗಳೂ ಅವರ ಕಾಲದಲ್ಲಿ ರೂಪುಗೊಂಡವು. ಚಂದದ ಕಲೆ, ಅಪಾರ ಬುದ್ಧಿ. ಆದರೆ ಆ ದೊಡ್ಡ ಆಟಗಳು ಅರಮನೆಯಾಚೆ ಹೆಚ್ಚು ಸುಳಿಯಲಿಲ್ಲ. ಇದ್ದಿಲಲ್ಲಿ ಗೀಚುವ ಐದು–ಐದರ ಅಂಕಣ ಮಾತ್ರ ಹಳ್ಳಿಹಳ್ಳಿಯಲ್ಲಿ ಉಳಿಯಿತು. ಕಲಿಸಲು ಐದು ನಿಮಿಷ ಸಾಕಾಗುವ ಆಟಕ್ಕೆ ಆಯುಷ್ಯ ಹೆಚ್ಚು. ಗುಮಾಸ್ತನಿಗೆ ಒಂದೇ ದಿನದಲ್ಲಿ ಕೈಗೆ ಹತ್ತುವ ಪ್ರೋಗ್ರಾಮಿಗೂ ಇದೇ ಮಾತು ಸಲ್ಲುತ್ತದೆ.

ನಿಯಮ ಯಾರ ಸ್ವತ್ತು?

ಕಷ್ಟಪಟ್ಟು ಕಟ್ಟಿದ ಆಟವನ್ನು ಇನ್ನೊಬ್ಬ ಕದ್ದರೆ? 1970ರ ಭಾರತೀಯ ಪೇಟೆಂಟ್ ಕಾಯಿದೆಯ 3ನೇ ಕಲಮು ಯಾವುದಕ್ಕೆ ಪೇಟೆಂಟ್ ಇಲ್ಲವೆಂದು ಪಟ್ಟಿ ಮಾಡುತ್ತದೆ. ಅದರ ‘ಕೆ’ ಉಪಕಲಮಿನಲ್ಲಿ ಬರಿಯ ಕಂಪ್ಯೂಟರ್ ಪ್ರೋಗ್ರಾಂ. ಎರಡೇ ಮೆಟ್ಟಿಲ ಕೆಳಗೆ ‘ಎಂ’ನಲ್ಲಿ ಆಟ ಆಡುವ ವಿಧಾನ. ಸಾಫ್ಟ್‌ವೇರ್ ಬರೆಯುವವನೂ ಆಟ ಕಟ್ಟುವವನೂ ಕಾನೂನಿನ ಕಣ್ಣಿನಲ್ಲಿ ನೆರೆಮನೆಯವರು! ಉಳಿಯುವುದು ಕೃತಿಸ್ವಾಮ್ಯ. ಬರೆದ ಕೋಡ್, ನಿಯಮ ಪುಸ್ತಿಕೆಯ ಭಾಷೆ, ಹಲಗೆಯ ಚಿತ್ರ – ಇವುಗಳಿಗೆ ರಕ್ಷಣೆಯುಂಟು. ಒಳಗಿನ ಕಲ್ಪನೆಗೆ ಇಲ್ಲ.

ಪೇಟೆಂಟ್ ಇದ್ದೂ ಕಳೆದುಕೊಂಡವರಿದ್ದಾರೆ. ಅಮೆರಿಕದ ಲಿಜಿ ಮೇಗಿ ಎಂಬ ಮಹಿಳೆ ಜಮೀನುದಾರಿಕೆಯ ಕೆಡುಕನ್ನು ತೋರಿಸಲು ಕಟ್ಟಿದ ಆಟಕ್ಕೆ 1904ರಲ್ಲಿ ಪೇಟೆಂಟ್ ಪಡೆದಿದ್ದಳು. ‘ಮೊನಾಪಲಿ’ಯ ಮೂಲ ಅದೇ. 1935ರಲ್ಲಿ ಅವಳ ಕೈಗೆ ಬಂದದ್ದು 500 ಡಾಲರ್ ಮಾತ್ರ. ನಮ್ಮ ಪಗಡೆಯ ಮೊಮ್ಮಗ ಲೂಡೊ, ಪರಮಪದ ಪಟದ ಮೊಮ್ಮಗ ಹಾವು–ಏಣಿ ಇಂಗ್ಲೆಂಡಿನ ಪೆಟ್ಟಿಗೆಯಲ್ಲಿ ಕೂತು ಮರಳಿ ನಮ್ಮ ಅಂಗಡಿಗೇ ಬಂದ ಕತೆ ಎಲ್ಲರಿಗೂ ಗೊತ್ತಿರುವುದೇ.

ಐನೂರು ಪೆಟ್ಟಿಗೆಯ ಲೆಕ್ಕ

ಎರಡು ಉದ್ಯಮಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಪ್ರೋಗ್ರಾಮಿನ ನೂರನೇ ಪ್ರತಿಗೆ ಖರ್ಚಿಲ್ಲ; ಆಟದ ನೂರನೇ ಪೆಟ್ಟಿಗೆಗೂ ರಟ್ಟು, ಮಸಿ, ಕೂಲಿ ಬೇಕು. ಉದಾಹರಣೆಗೆ 500 ಪೆಟ್ಟಿಗೆ, ತಲಾ 300 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಒಂದೂವರೆ ಲಕ್ಷ ಮುಂಗಡವಾಗಿ ಹೋಯಿತು. ಮಾರಾಟ ಬೆಲೆ 800. ಅಂಗಡಿಯವರು ನೂರಕ್ಕೆ ನಲವತ್ತು ಇಟ್ಟುಕೊಂಡರೆ ಕೈಗೆ 480. ತೆರಿಗೆ, ಸಾಗಣೆ ಬಿಟ್ಟು ಹೇಳಿದರೂ 313 ಪೆಟ್ಟಿಗೆ ಮಾರಿದ ಮೇಲೆ ಹಾಕಿದ ದುಡ್ಡು ವಾಪಸು. ಅಲ್ಲಿಯವರೆಗೆ ಮನೆ ನಡೆಸುವುದು ಪತ್ತಿನ ಸಂಘದ ನಿರ್ವಹಣಾ ಹಣವೇ.

ಜೊತೆಗೆ ಕಾಗದಪತ್ರ. ಸಾಫ್ಟ್‌ವೇರ್ ಸೇವೆಗೆ ಶೇ 18 ಜಿಎಸ್‌ಟಿ; ಹಲಗೆಯ ಆಟಗಳ ಮೇಲಿದ್ದ ಶೇ 12ರ ದರ 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. 14 ವರ್ಷದೊಳಗಿನ ಮಕ್ಕಳಿಗೆಂದು ಮಾಡಿದ ಆಟಿಕೆಗೆ 2021ರ ಜನವರಿಯಿಂದ ಬಿಐಎಸ್ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ ವಯಸ್ಸು ಬರೆಯುವ ಮುನ್ನ ಇದನ್ನು ಯೋಚಿಸದವರು ಆಮೇಲೆ ಪೇಚಿಗೆ ಬೀಳುತ್ತಾರೆ.

ಹಲಗೆಯ ಮೇಲೆ ಕಿತ್ತೂರು

ಇಷ್ಟೆಲ್ಲ ಪಾಡು ಯಾಕೆ? ಯಾಕೆಂದರೆ ಈ ನೆಲದಲ್ಲಿ ಇನ್ನೂ ಯಾರೂ ಆಡದ ಆಟಗಳಿವೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಅವರನ್ನು ಬಿಟ್ಟರೂ ಬ್ರಿಟಿಷರ ದಾಳಿ ತಪ್ಪಲಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿಯೇ 1829ರಲ್ಲಿ ಕಣ್ಣುಮುಚ್ಚಿದಳು. ಪಠ್ಯಪುಸ್ತಕ ಓದುವ ಹುಡುಗನಿಗೆ ಇದು ಮುಗಿದ ಕತೆ. ಹಲಗೆಯ ಮುಂದೆ ಕೂತವನಿಗೆ ಮಾತ್ರ ಪ್ರಶ್ನೆ: ಸೆರೆಯಾಳುಗಳನ್ನು ಬಿಡಬೇಕೇ, ಇಟ್ಟುಕೊಳ್ಳಬೇಕೇ? ಬಿಟ್ಟರೆ ಏನು ಸಿಗುತ್ತದೆ, ಬಿಡದಿದ್ದರೆ ಎಷ್ಟು ದಿನ ತಡೆಯಬಹುದು? ರಾಣಿಯ ಜಾಗದಲ್ಲಿ ಕೂತು ಅರ್ಧ ಗಂಟೆ ತಲೆ ಕೆಡಿಸಿಕೊಂಡವನಿಗೆ ಆಕೆಯ ಇಕ್ಕಟ್ಟು ಅರ್ಥವಾದಷ್ಟು ಭಾಷಣ ಕೇಳಿದವನಿಗೆ ಆಗಲಾರದು.

ಅಂಥ ಆಟ ಕಟ್ಟುವವನು ಅದನ್ನು ಬೇರೆಯವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಬೇಕು. ಅವರು ನಿಯಮ ತಪ್ಪಾಗಿ ಓದಿದರೆ ತಪ್ಪು ಓದಿದವರದಲ್ಲ, ಬರೆದವನದು. ಸಹಕಾರಿ ಸಂಘದ ಗುಮಾಸ್ತ ತಪ್ಪು ಗುಂಡಿ ಒತ್ತಿದಾಗ ಕಲಿತ ಪಾಠವೇ ಇದು. ಹಾಗೆ ನೋಡಿದರೆ ಹಗಲಿನ ಕೆಲಸ ರಾತ್ರಿಯ ಕೆಲಸಕ್ಕೆ ಬರಿ ಅನ್ನ ಹಾಕುವುದಿಲ್ಲ, ತಿದ್ದಿ ಕಲಿಸುತ್ತದೆ ಕೂಡ.

ಸವದತ್ತಿಯ ಗುಡ್ಡದಲ್ಲಿ ಕವಡೆ ಸರ ಧರಿಸಿದ ಜೋಗಮ್ಮಂದಿರನ್ನು ಕಂಡವರಿಗೆ ಕವಡೆ ದೇವರ ಒಡವೆ. ಪಡಸಾಲೆಯಲ್ಲಿ ಅದು ಆಟದ ಸಾಧನ. ಹಿಂದೊಮ್ಮೆ ಪೇಟೆಯಲ್ಲಿ ಅದೇ ಹಣವಾಗಿತ್ತು. ಭಕ್ತಿ, ವಿನೋದ, ವ್ಯಾಪಾರ ಮೂರೂ ಒಂದೇ ಚಿಪ್ಪಿನಲ್ಲಿ. ಚೌಕಾಬಾರದಲ್ಲಿ ಹಲವೆಡೆ ಇನ್ನೊಂದು ಕಟ್ಟುಪಾಡು ಉಂಟು: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊರಸುತ್ತಿನಲ್ಲೇ ಸುತ್ತುತ್ತಿರಬೇಕು. ಬೈಲಹೊಂಗಲದ ಮಳಿಗೆಯಲ್ಲೋ ರಾಮದುರ್ಗದ ಓಣಿಯಲ್ಲೋ ಕಂಪ್ಯೂಟರ್ ಮುಂದೆ ಕೂತು, ರಾತ್ರಿ ಹತ್ತರ ಮೇಲೆ ರಟ್ಟು ಕತ್ತರಿಸುವವನೂ ಹೊರಸುತ್ತಿನಲ್ಲೇ ಇದ್ದಾನು. ಆದರೆ ಕವಡಿ ಕೈಯಲ್ಲಿರುವ ತನಕ ಕಾಯಿ ಹಣ್ಣಾಗುವ ಆಸೆ ಬಿಡಬೇಕಾಗಿಲ್ಲ.