ಫಿಫ್ಟೀನೋ, ಫಿಫ್ಟಿಯೋ?

ರಾಣೆಬೆನ್ನೂರಿನ ಕೋಚಿಂಗ್ ಕ್ಲಾಸಿನಲ್ಲಿ ಸರ್ ಹೇಳಿದ್ದು ‘ಫಿಫ್ಟೀನ್ ಪರ್ಸೆಂಟ್’. ಹಿಂದಿನ ಸಾಲಿನಲ್ಲಿದ್ದ ನಾವಿಬ್ಬರೂ ಬರೆದುಕೊಂಡಿದ್ದು 50. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಹಾವೇರಿಯಿಂದ ಬರುವ ಗೆಳೆಯನಿಗೆ ಒಂದು ಕಿವಿ ಸ್ವಲ್ಪ ಮಂದ. ‘ನಾ ಇನ್ನ ಬರಂಗಿಲ್ಲಲೇ, ಮನ್ಯಾಗ ಓದ್ಕೋತೀನಿ’ ಎಂದುಬಿಟ್ಟ.

ತಪ್ಪು ಕಿವಿಯದಲ್ಲ, ಕೋಣೆಯದು ಎಂದು ನನಗೆ ಹೊಳೆದದ್ದು ನಮ್ಮೂರು ಬ್ಯಾಡಗಿಯಲ್ಲಿ. ಅಪ್ಪ ಕೆಲಸ ಮಾಡುವ ಮೆಣಸಿನಕಾಯಿ ಗೋದಾಮಿನಲ್ಲಿ ಸೀಸನ್ನಿನಾಗ ಚೀಲಗಳ ರಾಶಿ. ಮೆಲ್ಲಗೆ ಮಾತಾಡಿದರೂ ಸ್ಪಷ್ಟ ಕೇಳುತ್ತದೆ (ಘಾಟಿಗೆ ಸೀನು ಬರುವುದು ಬೇರೆ ಮಾತು). ಚೀಲ ಖಾಲಿಯಾದರೆ ಅಲ್ಲೇ ಕೆಮ್ಮಿದರೂ ‘ಗೊಂಯ್’ ಎನ್ನುತ್ತದೆ.

ಚೀಲದ ಸಂದುಗಳಲ್ಲಿ ಹೊಕ್ಕ ಧ್ವನಿ ಅಲ್ಲೇ ಸವೆದು ಶಾಖವಾಗುತ್ತದೆ. ಸಿಮೆಂಟ್, ಟೈಲ್ಸ್ ಅದನ್ನು ಮರಳಿ ಎಸೆಯುತ್ತವೆ. ಜೋರಾದ ‘ಟೀ’ ಅಡಗುವ ಮೊದಲೇ ಬರುವ ಮೆತ್ತಗಿನ ‘ನ್’ ಅದರಡಿ ಮುಳುಗುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಗೂ ಇದೇ ರೋಗ ಇತ್ತು. ವ್ಯಾಲೇಸ್ ಸಬೈನ್ ಎಂಬ ಯುವ ಅಧ್ಯಾಪಕ ಇನ್ನೊಂದು ಥಿಯೇಟರಿನ ಸೀಟುಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹಾಸಿ, ಸದ್ದು ಅಡಗಲು ಎಷ್ಟು ಸೆಕೆಂಡ್ ಬೇಕೆಂದು ಅಳೆದರು. ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಒಟ್ಟು ಹೀರುವ ಶಕ್ತಿಯಿಂದ ಭಾಗಿಸಿದರೆ ಉತ್ತರ ಸಿಗುತ್ತದೆ.

ನಮ್ಮ ಕ್ಲಾಸು 10 ಮೀಟರ್ ಉದ್ದ, 8 ಅಗಲ, 3.5 ಎತ್ತರ. ಕಿಟಕಿ ಮುಚ್ಚಿ 40 ಜನ ಕೂತರೆ ನನ್ನ ಲೆಕ್ಕಕ್ಕೆ ಬಂದದ್ದು ಸುಮಾರು 1.8 ಸೆಕೆಂಡ್. ಪಾಠಕ್ಕೆ 0.6ರ ಆಸುಪಾಸು ಇರಬೇಕು. ಗೋಡೆಗೆ ಬೋರ್ಡು, ಕಿಟಕಿ, ಕಪಾಟು. ಪೂರ್ತಿ ಖಾಲಿ ಇರುವುದು ಸೂರು ಮಾತ್ರ. ಬಿದ್ದ ಧ್ವನಿಯಲ್ಲಿ ಶೇ 70ರಷ್ಟು ಹೀರುವ ಹಲಗೆಯನ್ನು ಸೂರಿಗೆ ತುಂಬ ಹಾಕಿದರೆ ಲೆಕ್ಕ 0.6ಕ್ಕೇ ಇಳಿಯುತ್ತದೆ!

ಆದರೆ ಮದುವೆ ಹಾಲ್‌ಗಳ ನುಣುಪಾದ ಪಿಒಪಿ ಸೀಲಿಂಗ್ ಚೆಂದಕ್ಕಷ್ಟೇ. ಥರ್ಮೋಕೋಲ್ ಕೂಡ ಹೀರುವುದು ಕಡಿಮೆ. ಮಿನರಲ್ ಫೈಬರ್ ಹಲಗೆ, ಅಥವಾ ತೂತಿನ ಹಲಗೆಯ ಹಿಂದೆ ಗ್ಲಾಸ್‌ವುಲ್ ಬೇಕು. ಅದೂ ಹೊರಗಿನ ಲಾರಿ ಹಾರ್ನ್ ಒಳಬರದಂತೆ ತಡೆಯುವುದಿಲ್ಲ. ಒಳಗಿನ ಗದ್ದಲವನ್ನಷ್ಟೇ ಇಳಿಸುತ್ತದೆ.

ಲೆಕ್ಕವನ್ನು ಸರ್‌ಗೆ ತೋರಿಸಿದೆ. ‘ಬಾಡಿಗೆ ಕಟ್ಟಡಪಾ, ಮಾಲಕರನ್ನ ಕೇಳೋಣ’ ಎಂದರು. ಅಲ್ಲಿಯವರೆಗೆ ಅವ್ವನ ನಾಲ್ಕು ಕೌದಿಗಳನ್ನು ಹಿಂದಿನ ಗೋಡೆಗೆ, ಗೇಣು ಅಂತರ ಬಿಟ್ಟು ತೂಗುಹಾಕಿದ್ದೇವೆ. ಫರಕು ಸ್ವಲ್ಪವೇ. ಗೆಳೆಯ ಮರಳಿ ಬಂದಿದ್ದಾನೆ, ಮೊದಲ ಸಾಲಿನಲ್ಲಿ, ಒಳ್ಳೆಯ ಕಿವಿ ಸರ್ ಕಡೆ ಮಾಡಿ. ಸರ್ ಈಗ ಅಂಕಿಗಳನ್ನು ಬೋರ್ಡಿನ ಮೇಲೂ ಬರೆಯುತ್ತಾರೆ.