ಗುಕೇಶ್ ಗೆದ್ದಿದ್ದು ಬದಿಯಿಂದ: ಫ್ಲ್ಯಾಂಕ್ ಓಪನಿಂಗ್ ಅಂದ್ರೇನು?

ಚೆಸ್ ಕಲಿಸುವವರು ಮೊದಲ ದಿನವೇ ಹೇಳುವ ಮಾತು: ನಡುವಿನ ನಾಲ್ಕು ಮನೆ ಹಿಡಿ. ಅದಕ್ಕೇ ಬಹುತೇಕರು ರಾಜ ಅಥವಾ ರಾಣಿಯ ಮುಂದಿನ ಪ್ಯಾದೆಯನ್ನು ನೂಕಿ ಆಟ ಶುರು ಮಾಡ್ತಾರೆ. ಹಾಗಿದ್ದರೆ 2024ರ ಡಿಸೆಂಬರ್ 8ರಂದು ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಅಂಕ 5–5 ಇದ್ದಾಗ, ಡಿ. ಗುಕೇಶ್ ಬದಿಯಿಂದ ಯಾಕೆ ಹೊರಟರು?

ರಾಯಚೂರಿನವರಿಗೆ ಇದನ್ನು ವಿವರಿಸೋದು ಸುಲಭ. ದೇವದುರ್ಗದ ಕಡೆ ಕೃಷ್ಣೆ, ಮಾನ್ವಿಯ ಕಡೆ ತುಂಗಭದ್ರೆ. ನಡುವಿನ ದೋಆಬ್‌ಗಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ ಎರಡು ದಡಗಳಿಂದ ಕಾದಾಡಿದರು. ಗುರಿ ನಡುವಿನ ನೆಲವೇ, ಒತ್ತಡ ಮಾತ್ರ ಬದಿಯಿಂದ. ಫ್ಲ್ಯಾಂಕ್ ಓಪನಿಂಗ್ ಕೂಡ ಅಷ್ಟೇ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ರಿಚರ್ಡ್ ರೇಟಿ ಹೀಗೇ ಆಡಿ, ಎಂಟು ವರ್ಷ ಸೋಲನ್ನೇ ಕಾಣದ ಕಾಪಾಬ್ಲಾಂಕಾರನ್ನು ಸೋಲಿಸಿದ್ದರು.

ಗುಕೇಶ್ ಮೊದಲು ಕುದುರೆ ತೆಗೆದರು, ಆಮೇಲೆ ಸಿ4, ಮೂರನೆಯದು ಬಿ4. ಡಿಂಗ್ ಲಿರೆನ್ ನಡುವಿನಲ್ಲಿ ಡಿ4ರವರೆಗೆ ನುಗ್ಗಿದ್ದರು. ಈಗ ಆ ಬಿ ಪ್ಯಾದೆಯನ್ನಷ್ಟೇ ಗಮನಿಸಿ. ಹತ್ತನೇ ನಡೆಗೆ ಬಿ5, ಹದಿನೇಳಕ್ಕೆ ಬಿ6. ಇಪ್ಪತ್ತೆರಡರಲ್ಲಿ ಡಿಂಗ್ ಅದನ್ನು ರಾಣಿಯಿಂದ ಹೊಡೆದರು. ಪ್ಯಾದೆ ಹೋಯ್ತು, ಆದರೆ ಗುಕೇಶ್‌ಗೆ ದಾರಿ ತೆರೆಯಿತು. ಎರಡೂ ಆನೆಗಳು ಅಲ್ಲಿ ಸಾಲಾಗಿ ನಿಂತವು. 28ನೇ ನಡೆಯಲ್ಲಿ ಡಿಂಗ್ ರಾಣಿಯನ್ನು ಸಿ8ಕ್ಕೆ ಸರಿಸಿದರು. ಗುಕೇಶ್ ತಮ್ಮ ರಾಣಿಯಿಂದಲೇ ಸಿ6ರ ಕುದುರೆ ಹೊಡೆದರು. ಆ ರಾಣಿಯನ್ನು ಬಿ7ರ ಪ್ಯಾದೆ ತಿಂದರೆ, ಆನೆಗಳು ನುಗ್ಗಿ ಕಪ್ಪು ರಾಣಿಯನ್ನು ಕಸಿದುಕೊಳ್ಳುತ್ತವೆ. ಲೆಕ್ಕ ಮುಗಿದಾಗ ಕಪ್ಪಿಗೆ ಒಂದು ಕುದುರೆ ಕಮ್ಮಿ. ಡಿಂಗ್ ಅಲ್ಲೇ ಸೋಲೊಪ್ಪಿದರು. ಮರುದಿನ ಅವರೂ ಸಿ4ರಿಂದ ಶುರು ಮಾಡಿ ಗೆದ್ದು 6–6 ಮಾಡಿದರು. ಡಿಸೆಂಬರ್ 12ಕ್ಕೆ ಗುಕೇಶ್ ಚಾಂಪಿಯನ್.

ಹಾಗಂತ ಇದು ಮಂತ್ರವಲ್ಲ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಬೆಂಟ್ ಲಾರ್ಸನ್ ಬಿ3ರಿಂದ ಶುರು ಮಾಡಿದರು. ಸ್ಪಾಸ್ಕಿ ಹದಿನೇಳೇ ನಡೆಗಳಲ್ಲಿ ಮುಗಿಸಿದರು. ಬದಿಯಿಂದ ಬಂದವನು ನಡುವನ್ನು ಮರೆತರೆ ಗತಿ ಇದೇ.

ದೇವದುರ್ಗ, ಮಾನ್ವಿಯಲ್ಲಿ ಮೊಬೈಲ್ ನೋಡಿ ಚೆಸ್ ಕಲಿಯುವ ಮಗುವಿಗೆ ಇದರಲ್ಲೊಂದು ಪಾಠವಿದೆ. ದುಡ್ಡು ಕೊಟ್ಟು ಕೋಚಿಂಗ್ ಪಡೆದವರು ಇಪ್ಪತ್ತು ನಡೆ ಬಾಯಿಪಾಠ ಮಾಡಿ ಬರ್ತಾರೆ. ಬದಿಯ ಓಪನಿಂಗ್‌ನಲ್ಲಿ ಆ ಬಾಯಿಪಾಠ ಬೇಗ ಮುಗಿಯುತ್ತೆ. ಅಲ್ಲಿಂದ ಮುಂದೆ ಇಬ್ಬರೂ ಯೋಚಿಸಿಯೇ ಆಡಬೇಕು. ಯೋಚನೆಗೆ ಫೀಸಿಲ್ಲ. ಆದರೆ ಅಭ್ಯಾಸ ಬೇಕು. ಒಂದು ಬೋರ್ಡು, ಜೊತೆಗೆ ಆಡುವವರೊಬ್ಬರು ಬೇಕು. ತಾಲ್ಲೂಕಿನ ಶಾಲೆಗಳು ಕನಿಷ್ಠ ಇಷ್ಟನ್ನಾದರೂ ಕೊಡಬಹುದು.