ಕೆಲಸ ಕೊಟ್ಟರೆ ಸಾಲದು, ಕೂರಲು ಜಾಗವೂ ಬೇಕು!

* ಕಂಪನಿಗಳಿಗೆ ‘ಎಲ್ಲರನ್ನೂ ಒಳಗೊಳ್ಳಿ’ ಎಂದು ಪಾಠ ಹೇಳುವ ಕಸುಬು * ಮೂರ್ನಾಲ್ಕು ಭಾಷೆ ಬಲ್ಲ ಗಡಿ ಮಕ್ಕಳಿಗೂ ಇದೆ ದಾರಿ

ಹೊಸೂರು: ಶಿಫ್ಟ್ ಬಿಡುವ ಹೊತ್ತಿಗೆ ಇಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕಿವಿಗೆ ಬೀಳುವ ಭಾಷೆಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಲವು. ತಮಿಳು, ಕನ್ನಡ, ತೆಲುಗು, ಉರ್ದು ಮೊದಲಿನಿಂದಲೂ ಇದ್ದವು. ಈಗ ಹಿಂದಿ, ಒಡಿಯಾ, ಬಂಗಾಳಿಯೂ ಸೇರಿವೆ. ಇಂಥ ಕಡೆ ನೋಟಿಸ್ ಬೋರ್ಡಿನ ಸೂಚನೆ ಬರೀ ಇಂಗ್ಲಿಷಿನಲ್ಲಿದ್ದರೆ ಯಾರಿಗೆ ತಲುಪೀತು?

ಈ ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡವರು ಈಗ ಇದ್ದಾರೆ. ಅವರನ್ನು ‘ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್ ಕನ್ಸಲ್ಟೆಂಟ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೇರೆ ಬೇರೆ ಬಗೆಯ ಜನರನ್ನು ಸಂಸ್ಥೆಯೊಳಗೆ ಸೇರಿಸಿಕೊಂಡು, ಸೇರಿದವರು ಮರ್ಯಾದೆಯಿಂದ ಉಳಿಯುವಂತೆ ಮಾಡಲು ಸಲಹೆ ಕೊಡುವವರು. ಹೆಣ್ಣುಮಕ್ಕಳು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಹಳ್ಳಿಯಿಂದ ಬಂದವರು, ಬೇರೆ ಭಾಷೆಯವರು, ಹಿಂದುಳಿದ ಸಮುದಾಯದವರು – ಎಲ್ಲರೂ ಈ ಲೆಕ್ಕದಲ್ಲಿ ಬರುತ್ತಾರೆ.

ಹೆಸರು ಹೊಸದು, ಕೆಲಸ ಹಳೆಯದು

ಹೆಸರು ಕೇಳಿ ಬೆಂಗಳೂರಿನ ಐಟಿ ಕಂಪನಿಗಳ ಶೋಕಿ ಅಂದುಕೊಳ್ಳಬೇಕಿಲ್ಲ. ಹೊಸೂರಿನಲ್ಲೇ ಇದಕ್ಕೆ ಹಳೆಯ ಉದಾಹರಣೆ ಇದೆ. 1980ರ ದಶಕದಲ್ಲಿ ಇಲ್ಲಿ ಶುರುವಾದ ಟೈಟಾನ್ ಕೈಗಡಿಯಾರ ಕಾರ್ಖಾನೆ ಸುತ್ತಲಿನ ಸಣ್ಣ ಊರುಗಳ ಹುಡುಗ ಹುಡುಗಿಯರನ್ನೂ ಅಂಗವಿಕಲರನ್ನೂ ಆರಂಭದ ವರ್ಷಗಳಿಂದಲೇ ಕೆಲಸಕ್ಕೆ ತೆಗೆದುಕೊಂಡಿತು. 1990ರ ದಶಕದಲ್ಲಿ ಮೈರಾಡ ಸಂಸ್ಥೆಯ ಬೆಂಬಲದಿಂದ ಹಳ್ಳಿಯ ಮಹಿಳೆಯರು ಸೇರಿ ‘ಮೀಡೋ’ ಎಂಬ ತಮ್ಮದೇ ಸಂಸ್ಥೆ ಕಟ್ಟಿ, ಗಡಿಯಾರದ ಪಟ್ಟಿ ಜೋಡಿಸುವ ಕೆಲಸಕ್ಕಿಳಿದರು. ಆಗ ಯಾರೂ ಇದಕ್ಕೆ ಡೈವರ್ಸಿಟಿ ಎಂಬ ದೊಡ್ಡ ಹೆಸರು ಇಟ್ಟಿರಲಿಲ್ಲ.

ಬೆಂಗಳೂರಿನಲ್ಲಿ 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ದಂಪತಿ ಆರಂಭಿಸಿದ ಎನೇಬಲ್ ಇಂಡಿಯಾ ಸಂಸ್ಥೆ, ಅಂಗವಿಕಲರಿಗೆ ತರಬೇತಿ ಕೊಡುವುದರ ಜತೆಗೆ ಕಂಪನಿಗಳನ್ನೂ ಸಿದ್ಧಗೊಳಿಸುವ ದಾರಿ ಹಿಡಿಯಿತು. ಇದೇ ಈ ಕಸುಬಿನ ತಿರುಳು. ಬದಲಾಗಬೇಕಾದದ್ದು ಕೆಲಸ ಕೇಳಿ ಬಂದವನೊಬ್ಬನೇ ಅಲ್ಲ, ಕೆಲಸ ಕೊಡುವ ಜಾಗವೂ ಹೌದು.

ಕೊಚ್ಚಿ ಮೆಟ್ರೊ ಕಲಿಸಿದ ಪಾಠ

2017ರಲ್ಲಿ ಕೊಚ್ಚಿ ಮೆಟ್ರೊ 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಕೆಲಸ ಕೊಟ್ಟಿತು. ದೇಶವೆಲ್ಲ ಹೊಗಳಿತು. ಆದರೆ ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಕಾರಣ? ನಗರದಲ್ಲಿ ಅವರಿಗೆ ಬಾಡಿಗೆ ಮನೆ ಸಿಗಲಿಲ್ಲ. ದಿನ ದಿನ ಲಾಡ್ಜಿಗೆ ದುಡ್ಡು ಕೊಟ್ಟರೆ ಸಂಬಳದಲ್ಲಿ ಉಳಿಯುವುದೇನು?

ನೇಮಕಾತಿ ಪತ್ರ ಕೊಟ್ಟದ್ದು ಡೈವರ್ಸಿಟಿ. ಆ ಕೆಲಸದಲ್ಲಿ ಆತ ಅಥವಾ ಆಕೆ ನಿಲ್ಲುವಂತೆ ನೋಡಿಕೊಳ್ಳುವುದು ಇನ್‌ಕ್ಲೂಷನ್. ಮನೆ, ಬಸ್ಸು, ಶೌಚಾಲಯ, ಕ್ಯಾಂಟೀನ್, ಪಕ್ಕದ ಕುರ್ಚಿಯವರ ಮಾತು – ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಒಳ್ಳೆಯ ಸಲಹೆಗಾರ ಮೊದಲು ನೋಡುವುದು ಎಷ್ಟು ಜನ ಸೇರಿದರು ಎಂಬುದನ್ನಲ್ಲ, ಎಷ್ಟು ಜನ ಬಿಟ್ಟುಹೋದರು, ಯಾಕೆ ಹೋದರು ಎಂಬುದನ್ನು.

ಇಷ್ಟಕ್ಕೂ ಮಾಡುವುದೇನು?

ಕೆಲಸ ಶುರುವಾಗುವುದು ತಪಾಸಣೆಯಿಂದ. ನೇಮಕಾತಿ ಜಾಹೀರಾತು, ಸಂದರ್ಶನದ ಪ್ರಶ್ನೆ, ಸಂಬಳದ ಪಟ್ಟಿ, ಬಡ್ತಿಯ ಪಟ್ಟಿ ಎಲ್ಲವನ್ನೂ ತೆರೆದು ನೋಡುತ್ತಾರೆ. ‘ಮದುವೆ ಯಾವಾಗ?’ ಎಂದು ಹುಡುಗಿಯರನ್ನಷ್ಟೇ ಕೇಳುತ್ತಿದ್ದರೆ ಅದನ್ನು ನಿಲ್ಲಿಸಲು ಹೇಳುತ್ತಾರೆ. ಕಟ್ಟಡವನ್ನೂ ಅಳೆಯುತ್ತಾರೆ. ಗಾಲಿಕುರ್ಚಿಗೆಂದು ಇಳಿಜಾರು ದಾರಿ ಕಟ್ಟಿದರಷ್ಟೇ ಸಾಲದು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಇರಬೇಕು. ಇಲ್ಲದಿದ್ದರೆ ಅದು ಇಳಿಜಾರಲ್ಲ, ಜಾರುಬಂಡೆ!

ಆಮೇಲೆ ಕಾರ್ಮಿಕರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಕೂರಿಸಿ ಮಾತನಾಡಿಸುತ್ತಾರೆ. ಇಲ್ಲಿ ಭಾಷೆ ಮುಖ್ಯ. ತಾಳವಾಡಿಯಿಂದ ಬಂದ ಹುಡುಗಿ ಮೇಲಧಿಕಾರಿಯ ಮೇಲಿನ ದೂರನ್ನು ಇಂಗ್ಲಿಷಿನಲ್ಲಿ ಹೇಳಲಾರಳು. ತನ್ನ ಮಾತಿನಲ್ಲಿ ಕೇಳಿದರೆ ಬಾಯಿ ಬಿಟ್ಟಾಳು. ಹಾಗೆ ಹೇಳಿದ್ದು ಅವಳ ಹೆಸರಿನ ಸಮೇತ ಸೂಪರ್‌ವೈಸರ್ ಕಿವಿಗೆ ಬಿದ್ದರೆ ಮುಗಿಯಿತು. ಮರುದಿನದಿಂದ ಯಾರೂ ಮಾತನಾಡುವುದಿಲ್ಲ. ಗುಟ್ಟು ಕಾಯುವುದು ಈ ಕಸುಬಿನ ಮೊದಲ ನಿಯಮ.

ದುಡ್ಡು ಕೊಡುವುದು ಕಂಪನಿ, ಕಾಪಾಡಬೇಕಾದದ್ದು ಕಾರ್ಮಿಕನ ಹಿತ. ಈ ಇಕ್ಕಟ್ಟು ಇಲ್ಲಿ ಸದಾ ಇದ್ದದ್ದೇ. ಯಜಮಾನರಿಗೆ ಹಿತವಾಗದ ವರದಿ ಬರೆಯುವ ಧೈರ್ಯ ಇಲ್ಲದಿದ್ದರೆ ಸಲಹೆಗಾರ ಬರೀ ಮಹಿಳಾ ದಿನಾಚರಣೆಯ ಗುಲಾಬಿ ಹಂಚುವುದಕ್ಕೆ ಸೀಮಿತ.

ಕಾನೂನಿನ ಬಲ

ಕಂಪನಿಗಳು ಇವರನ್ನು ಕರೆಯುವುದು ಬರೀ ಒಳ್ಳೆಯ ಮನಸ್ಸಿನಿಂದಲ್ಲ. ಹಿಂದೆ ಕಾನೂನಿನ ತಳ್ಳು ಇದೆ. 1997ರ ವಿಶಾಖಾ ತೀರ್ಪಿನ ಬೆನ್ನಿಗೆ ಬಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ, 10 ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು. ಅದರ ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಜತೆಗೆ ಹೊರಗಿನ ಒಬ್ಬ ಸದಸ್ಯರು ಕಡ್ಡಾಯ. ಅನೇಕ ಸಲಹೆಗಾರರು ಈ ಸ್ಥಾನದಲ್ಲಿ ಕೂರುತ್ತಾರೆ. ಸ್ವಯಂಸೇವಾ ಸಂಸ್ಥೆಯಿಂದ ಬಂದ ಸದಸ್ಯರಿಗೆ 2013ರ ನಿಯಮ ಗೊತ್ತು ಮಾಡಿದ ಭತ್ಯೆ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣ ವೆಚ್ಚ!

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿ ಕೊಟ್ಟಿದೆ. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯ ಇಲ್ಲ. ಆದರೆ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. ಇದರ ಜತೆಗೆ ಷೇರುಪೇಟೆಯ ಅಗ್ರ ಸಾವಿರ ಕಂಪನಿಗಳು ತಮ್ಮಲ್ಲಿ ಮಹಿಳೆಯರು, ಅಂಗವಿಕಲರು ಎಷ್ಟಿದ್ದಾರೆ ಎಂಬ ಲೆಕ್ಕ ಕೊಡಬೇಕೆಂದು ಸೆಬಿ 2022–23ರಿಂದ ಕಡ್ಡಾಯ ಮಾಡಿತು. ಲೆಕ್ಕ ಕೊಡಬೇಕಾದಾಗ ಲೆಕ್ಕ ಬಲ್ಲವರು ಬೇಕಾದರು.

ಒಂದು ಕೊರತೆ ಮಾತ್ರ ಎದ್ದು ಕಾಣುತ್ತದೆ. ಪರದೇಶದ ಮಾದರಿ ಇಟ್ಟುಕೊಂಡು ಬರೆದ ನೀತಿಗಳಲ್ಲಿ ಹೆಣ್ಣು–ಗಂಡಿನ ಮಾತು ಧಾರಾಳ, ಜಾತಿಯ ಮಾತು ಕಡಿಮೆ. ಅಡ್ಡಹೆಸರು ಕೇಳುವುದು, ‘ಯಾವ ಕಡೆಯವರು?’ ಎಂದು ಕೆದಕುವುದು, ಊಟದ ಡಬ್ಬಿ ನೋಡಿ ಮೂಗು ಮುರಿಯುವುದು ಯಾವ ಪಟ್ಟಿಗೂ ಸೇರುವುದಿಲ್ಲ.

ಗಡಿ ಮಕ್ಕಳಿಗೆ ಏನು ಲಾಭ?

ಕಾಸರಗೋಡು ಸಪ್ತಭಾಷೆಗಳ ನಾಡು. ಅಕ್ಕಲಕೋಟೆಯ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತದೆ. ಆದೋನಿಯಲ್ಲಿ ತೆಲುಗು, ಹೊಸೂರಿನಲ್ಲಿ ತಮಿಳು. ಇಡೀ ಕಚೇರಿಯಲ್ಲಿ ತಾನೊಬ್ಬನೇ ಬೇರೆ ಭಾಷೆಯವನಾಗಿ ನಿಂತು, ಅರ್ಜಿ ನಮೂನೆ ಓದಲಾಗದೆ ಪರದಾಡುವುದು ಏನೆಂದು ಗಡಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಅನುಭವವೇ ಇಲ್ಲಿ ಬಂಡವಾಳ.

ಈ ಕಸುಬಿಗೆ ಲೈಸೆನ್ಸ್ ಇಲ್ಲ, ಇಂಥದ್ದೇ ಡಿಗ್ರಿ ಬೇಕೆಂಬ ಕಾನೂನೂ ಇಲ್ಲ. ಹೆಚ್ಚಿನವರು ಸಮಾಜಕಾರ್ಯ, ಕಾನೂನು, ಮನಶ್ಶಾಸ್ತ್ರ ಅಥವಾ ಎಚ್‌ಆರ್ ಓದಿ, ಕೆಲವು ವರ್ಷ ಕಂಪನಿಯಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ದುಡಿದು ಬರುತ್ತಾರೆ. ಕಾಸರಗೋಡಿನವರಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಮಂಗಳೂರಿನ ರೋಶನಿ ನಿಲಯ ಹತ್ತಿರದಲ್ಲಿವೆ. ಸಂಜ್ಞಾಭಾಷೆ ಕಲಿತವರಿಗೆ ಇನ್ನೂ ಅನುಕೂಲ.

ಹಾಗೆಂದು ಕಣ್ಣು ಮುಚ್ಚಿ ಧುಮುಕುವಂತಿಲ್ಲ. ಸ್ವಂತವಾಗಿ ಮಾಡುವವರಿಗೆ ಆದಾಯ ಒಂದೇ ಸಮ ಇರುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅಲ್ಲಿನ ಸರ್ಕಾರದ ಇಂಥ ಕಾರ್ಯಕ್ರಮಗಳನ್ನು ನಿಲ್ಲಿಸುವ ಆದೇಶ ಹೊರಡಿಸಿದರು. ಮೆಟಾದಂಥ ಕಂಪನಿಗಳೂ ಹಿಂದೆ ಸರಿದವು. ಅಮೆರಿಕದ ದುಡ್ಡನ್ನೇ ನಂಬಿದವರಿಗೆ ಇದು ಏಟು. ನಮ್ಮ ದೇಶದ ಕಾಯ್ದೆಗಳು ಮಾತ್ರ ವಾಷಿಂಗ್ಟನ್ನಿನ ಅಪ್ಪಣೆ ಕಾಯುವುದಿಲ್ಲ.

ಮಕ್ಕಳನ್ನು ಕೆಲಸಕ್ಕೆ ಕಳಿಸುವ ಮುನ್ನ ಕೇಳಿ

* ಆಂತರಿಕ ಸಮಿತಿ ಇದೆಯೇ? ಸದಸ್ಯರ ಹೆಸರು ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆಯೇ? ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

* ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕಚೇರಿಯಾದರೆ? ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

* ರಾತ್ರಿ ಪಾಳಿಗೆ ಮಗಳ ಒಪ್ಪಿಗೆ ಕೇಳಿದ್ದಾರೆಯೇ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ ಪ್ರಕಾರ ಒಪ್ಪಿಗೆ ಬೇಕೇ ಬೇಕು.

* ಅಂಗವಿಕಲ ಮಗನೋ ಮಗಳೋ ಕೆಲಸಕ್ಕೆ ಸೇರುವುದಿದ್ದರೆ ಸಮಾನ ಅವಕಾಶ ನೀತಿಯ ಪ್ರತಿ ಕೇಳಿ. 20ಕ್ಕಿಂತ ಕಡಿಮೆಯಿಲ್ಲದೆ ನೌಕರರಿದ್ದರೆ ಈ ವಿಷಯ ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿಯೂ ಇರಬೇಕು.

ಕೇಳಿದರೆ ಕೆಲಸ ತಪ್ಪೀತು ಎಂಬ ಅಂಜಿಕೆ ಸಹಜ. ಆದರೆ ಈ ನಾಲ್ಕು ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುವ ಸಂಸ್ಥೆಯೇ ಮಕ್ಕಳನ್ನು ನಂಬಿ ಕಳಿಸಬಹುದಾದ ಜಾಗ.